ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತಿದೆಯೇ? ಮುಂದಿನ ಡಿಸ್ಕ್‌ಗಳನ್ನು ಮನೆಯಲ್ಲೇ ಬದಲಿಸುವ ವಿಧಾನ

"ಏರ್‌ಪೋರ್ಟ್ ರಸ್ತೆಯಲ್ಲಿ ಎಂಬತ್ತರಲ್ಲಿ ಬಂದು ಹೆಬ್ಬಾಳದ ಹತ್ತಿರ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಗಡಗಡ ಅನ್ನುತ್ತೆ. ಗ್ಯಾರೇಜಿನವರು ಡಿಸ್ಕ್ ಹೋಗಿದೆ ಅಂತಾರೆ. ನಾವೇ ಬದಲಿಸಿಕೊಳ್ಳಬಹುದಾ?" ಊರಿನ ಹೆಸರು, ಕಾರಿನ ಹೆಸರು ಬೇರೆಯಾದರೂ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಜೊತೆಗೆ ಇನ್ನೊಂದು ದೂರು: "ಹೊಸ ಡಿಸ್ಕ್ ಹಾಕಿಸಿ ನಾಲ್ಕು ತಿಂಗಳಾಗಿಲ್ಲ, ಮತ್ತೆ ನಡುಕ ಶುರುವಾಗಿದೆ."

ಬದಲಿಸಿಕೊಳ್ಳಬಹುದು. ಪಂಕ್ಚರ್ ಆದಾಗ ಸ್ಟೆಪ್ನಿ ಹಾಕಿ ರೂಢಿಯಿದ್ದು, ಪಾನಾ ಹಿಡಿದು ಒಂದಿಷ್ಟು ಕೆಲಸ ಮಾಡಿದ್ದರೆ ಮುಂದಿನ ಡಿಸ್ಕ್ ಬದಲಿಸುವುದು ಕೈಗೆಟುಕದ ವಿದ್ಯೆಯೇನಲ್ಲ. ಮಜೂರಿ ಉಳಿಯುತ್ತದೆ ಎಂಬುದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಹೊಸ ಡಿಸ್ಕ್ ಬೇಗ ನಡುಗಲು ಬಹುಪಾಲು ಕಾರಣ ಅದರ ಹಿಂದೆ ಉಳಿದ ತುಕ್ಕು ಮತ್ತು ಗಾಳಿ ಗನ್ನಿನಲ್ಲಿ ಬಿಗಿದ ವೀಲ್ ನಟ್. ಸಾಲುಗಟ್ಟಿ ಕಾರು ನಿಂತಿರುವ ಗ್ಯಾರೇಜಿನಲ್ಲಿ ಡಿಸ್ಕ್ ಕೂರುವ ಒಂದು ಹಬ್ಬಿನ (hub) ಮುಖವನ್ನು ಇಪ್ಪತ್ತು ನಿಮಿಷ ಉಜ್ಜುವ ವ್ಯವಧಾನ ಯಾರಿಗೂ ಇರುವುದಿಲ್ಲ. ಭಾನುವಾರ ಬೆಳಿಗ್ಗೆ ನಿಮಗೆ ಇರುತ್ತದೆ.

ಮೊದಲು ಕಾಯಿಲೆ ಯಾವುದೆಂದು ನೋಡಿ

ಡಿಸ್ಕ್ ಎಂದರೆ ಚಕ್ರದ ಜೊತೆಗೇ ತಿರುಗುವ ಎರಕದ ಕಬ್ಬಿಣದ ತಟ್ಟೆ. ಅಂಗಡಿಗಳಲ್ಲಿ ಡಿಸ್ಕ್ ಪ್ಲೇಟ್ ಅಥವಾ ರೋಟರ್ ಎಂದೂ ಕೇಳುತ್ತಾರೆ. ಅದನ್ನು ಎರಡೂ ಕಡೆಯಿಂದ ಅಮುಕುವ ಬಿಲ್ಲೆಗಳು ಬ್ರೇಕ್ ಪ್ಯಾಡ್. ಪ್ಯಾಡ್‌ಗಳನ್ನು ಹಿಡಿದು, ಎಣ್ಣೆಯ ಒತ್ತಡದಿಂದ ಅಮುಕಿಸುವ ಹಿಡಿಕೆ ಕ್ಯಾಲಿಪರ್. ಅದರೊಳಗಿನ ಸಿಲಿಂಡರಿನಂಥ ತುಂಡು ಪಿಸ್ಟನ್.

ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕ್ ಮೇಲೆ ಅನುಮಾನ ಪಡಿ. ಬ್ರೇಕ್ ಒತ್ತದೆಯೂ ಎಂಬತ್ತು ತೊಂಬತ್ತರ ವೇಗದಲ್ಲಿ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ. ಕಾರು ಒಂದೇ ಕಡೆಗೆ ಎಳೆದರೆ ಕ್ಯಾಲಿಪರ್ ಹಿಡಿದುಕೊಂಡಿರಬಹುದು. ಆಗ ಬರೀ ಡಿಸ್ಕ್ ಬದಲಿಸಿ ಪ್ರಯೋಜನವಿಲ್ಲ. ಮಳೆಯಲ್ಲಿ ಒಂದು ರಾತ್ರಿ ನಿಂತ ಕಾರಿನ ಡಿಸ್ಕ್ ಮೇಲೆ ಕಾಣುವ ಕಿತ್ತಳೆ ಬಣ್ಣದ ತುಕ್ಕಿಗೆ ಗಾಬರಿ ಬೇಡ, ನಾಲ್ಕು ಸಲ ಬ್ರೇಕ್ ಹಿಡಿದರೆ ಅದು ಅಳಿಸಿಹೋಗುತ್ತದೆ.

ಡಿಸ್ಕ್ "ಬೆಂಡ್ ಆಗಿದೆ" ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಬಾಗುವುದು ಅಪರೂಪ. ಹೆಚ್ಚಾಗಿ ಆಗುವುದು ಸುತ್ತಲೂ ದಪ್ಪ ಒಂದೇ ಸಮನಾಗಿ ಉಳಿಯದಿರುವುದು, ಇಲ್ಲವೇ ಪ್ಯಾಡಿನ ವಸ್ತು ಒಂದೇ ಜಾಗದಲ್ಲಿ ಅಂಟಿಕೊಳ್ಳುವುದು. ವೇಗದಿಂದ ಬಂದು ಜೋರಾಗಿ ಬ್ರೇಕ್ ಹಿಡಿದು, ಕಾದ ಡಿಸ್ಕನ್ನು ಹಾಗೇ ಅಮುಕಿಕೊಂಡು ಸಿಗ್ನಲ್ಲಿನಲ್ಲಿ ನಿಂತರೆ ಪ್ಯಾಡಿನ ಅಚ್ಚು ಅಲ್ಲೇ ಬೀಳುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯಲ್ಲಿ ಹಾರಿ ಬಂದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವ ಕಾರುಗಳಿಗೆ ಇದು ದಿನನಿತ್ಯದ ಪಾಡು.

ದಪ್ಪ ಅಳೆಯದೆ ಡಿಸ್ಕ್ ಕೊಳ್ಳಬೇಡಿ. ಎಷ್ಟು ಸವೆದರೆ ಬದಲಿಸಬೇಕೆಂಬುದು ಡಿಸ್ಕಿನ ಅಂಚಿನಲ್ಲೋ ನಡುವಿನ ಟೊಪ್ಪಿಯಂಥ ಉಬ್ಬಿನ ಮೇಲೋ "ಮಿನ್ ಟಿಎಚ್" ಎಂಬ ಇಂಗ್ಲಿಷ್ ಅಕ್ಷರಗಳ ಪಕ್ಕದಲ್ಲಿ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ಹೊಸ ಡಿಸ್ಕಿಗಿಂತ ಸುಮಾರು 2 ಮಿ.ಮೀ. ಕಡಿಮೆ. ದಪ್ಪ ಅಳೆಯುವ ವರ್ನಿಯರ್ ಇಟ್ಟರೆ ಪ್ಯಾಡ್ ತಾಗದೆ ಸವೆಯದೆ ಉಳಿದ ಅಂಚಿನ ಏಣು ಅಡ್ಡ ಬಂದು ದಪ್ಪ ಹೆಚ್ಚು ತೋರಿಸುತ್ತದೆ. ಅದಕ್ಕೊಂದು ಉಪಾಯ: ಒಂದೇ ಬಗೆಯ ಎರಡು ನಾಣ್ಯಗಳನ್ನು ಡಿಸ್ಕಿನ ಎರಡೂ ಬದಿಗೆ, ಪ್ಯಾಡ್ ಉಜ್ಜುವ ಜಾಗದಲ್ಲಿ ಇಟ್ಟು ಅಳೆಯಿರಿ, ಆಮೇಲೆ ನಾಣ್ಯಗಳ ದಪ್ಪ ಕಳೆಯಿರಿ. ಸುತ್ತ ಆರೆಂಟು ಕಡೆ ಅಳೆಯಬೇಕು.

ಲೇತ್ ಯಂತ್ರದಲ್ಲಿ ಫೇಸಿಂಗ್ ಮಾಡಿಸಿದರೆ, ಅಂದರೆ ಡಿಸ್ಕಿನ ಮುಖ ಹೆರೆಸಿ ಸಮ ಮಾಡಿಸಿದರೆ, ಸಾಲದೇ ಎಂದು ಕೇಳುವವರಿದ್ದಾರೆ. ದಪ್ಪ ಧಾರಾಳವಾಗಿದ್ದರೆ ಸರಿ. ಮಿತಿಯ ಹತ್ತಿರ ಬಂದಿರುವ ಡಿಸ್ಕನ್ನು ಮತ್ತೆ ಹೆರೆಯಿಸಿದರೆ ಶಾಖ ತಡೆಯುವ ಲೋಹವೇ ಉಳಿಯುವುದಿಲ್ಲ. ನಂದಿ ಬೆಟ್ಟ ಇಳಿಯುವಾಗ ಅದರ ಬೆಲೆ ತಿಳಿಯುತ್ತದೆ.

ಯಾರು ಇದಕ್ಕೆ ಕೈ ಹಾಕಬಾರದು

ಈ ಲೇಖನ ಮುಂದಿನ ಡಿಸ್ಕ್‌ಗಳಿಗೆ ಮಾತ್ರ. ನಮ್ಮ ಬಹಳಷ್ಟು ಸಣ್ಣ ಕಾರುಗಳಲ್ಲಿ ಹಿಂದೆ ಡ್ರಮ್ ಬ್ರೇಕ್ ಇರುತ್ತದೆ. ಹಿಂದೆಯೂ ಡಿಸ್ಕ್ ಇರುವ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಕ್ಯಾಲಿಪರಿನೊಳಗೇ ಸೇರಿದ್ದರೆ ಪಿಸ್ಟನ್ನನ್ನು ತಿರುಗಿಸುತ್ತಾ ಒಳಕ್ಕೆ ತಳ್ಳಬೇಕು, ನೇರವಾಗಿ ಅಮುಕಿದರೆ ಒಳಗೆ ಮುರಿಯುತ್ತದೆ. ಗುಂಡಿ ಒತ್ತುವ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇದ್ದರಂತೂ ಸ್ಕ್ಯಾನರ್ ಹಾಕಿ ಸರ್ವಿಸ್ ಮೋಡಿಗೆ ತರಬೇಕಾಗುತ್ತದೆ. ಅವನ್ನು ಮೆಕ್ಯಾನಿಕ್‌ಗೆ ಬಿಡಿ. ಕ್ಯಾಲಿಪರ್ ಸುತ್ತ ಎಣ್ಣೆಯ ಜಿನುಗು ಕಂಡರೆ, ಬ್ರೇಕ್ ಎಣ್ಣೆಯ ರಬ್ಬರ್ ಕೊಳವೆ (ಹೋಸ್) ಬಿರುಕು ಬಿಟ್ಟಿದ್ದರೆ ಅಲ್ಲಿಗೇ ನಿಲ್ಲಿಸಿ.

ಏನೇನು ಬೇಕು

ಡಿಸ್ಕ್ ಯಾವಾಗಲೂ ಜೋಡಿಯಾಗಿಯೇ: ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಆಗದು. ಜೊತೆಗೆ ಹೊಸ ಪ್ಯಾಡ್ ಸೆಟ್ ಬೇಕೇ ಬೇಕು. ಹಳೆಯ ಡಿಸ್ಕಿನ ಏರುತಗ್ಗಿಗೆ ಸವೆದ ಪ್ಯಾಡ್ ಹೊಸ ಡಿಸ್ಕಿನ ಮೇಲೆ ಪೂರ್ತಿ ಕೂರುವುದಿಲ್ಲ. ಪ್ಯಾಡ್ ಇನ್ನೂ ದಪ್ಪ ಇದೆಯೆಂದು ಉಳಿಸಿಕೊಳ್ಳುವುದು ಸುಳ್ಳು ಉಳಿತಾಯ.

ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿಗೆ ಹೋಗುವಾಗ ಆರ್‌ಸಿ ಪ್ರತಿ ಇಟ್ಟುಕೊಳ್ಳಿ. ಒಂದೇ ಮಾದರಿಯ ಕಾರಿನಲ್ಲಿ ವರ್ಷ, ಎಂಜಿನ್ ಬದಲಾದಂತೆ ಡಿಸ್ಕಿನ ಅಳತೆ ಬದಲಾಗುವುದುಂಟು. ಚಾಸಿ ನಂಬರ್ ಹೇಳಿ ಪಾರ್ಟ್ ನಂಬರ್ ಖಚಿತಪಡಿಸಿಕೊಳ್ಳಿ. ಬ್ರೇಕ್ ಭಾಗಗಳಲ್ಲಿ ನಕಲಿ ಮಾಲು ಬರುತ್ತದೆ. ಬಿಲ್ ಕೊಡದ ಕಡೆ ಕೊಳ್ಳಬೇಡಿ, ಎಷ್ಟೇ ಅಗ್ಗವಾಗಿ ಸಿಕ್ಕರೂ ಬಳಸಿದ ಡಿಸ್ಕ್ ಬೇಡ.

ಉಪಕರಣಗಳಿಗೆ ಎಸ್‌ಜೆಪಿ ರಸ್ತೆ ಒಳ್ಳೆಯದು. ಜಾಕ್, ಎರಡು ಜಾಕ್ ಸ್ಟ್ಯಾಂಡ್ (ಎತ್ತಿದ ಕಾರನ್ನು ಹೊತ್ತು ನಿಲ್ಲುವ, ಮೂರು ಅಥವಾ ನಾಲ್ಕು ಕಾಲಿನ ಕಬ್ಬಿಣದ ಆಸರೆ), ಸಾಕೆಟ್ ಸೆಟ್, ಉದ್ದ ಹಿಡಿಯ ಬ್ರೇಕರ್ ಬಾರ್, ಟಾರ್ಕ್ ರೆಂಚ್, ಸಿ-ಕ್ಲಾಂಪ್, ತಂತಿ ಬ್ರಷ್, ಎಮರಿ ಪೇಪರ್, ರಬ್ಬರ್ ಸುತ್ತಿಗೆ, ಗಟ್ಟಿ ತಂತಿ ಒಂದು ಮೊಳ, ತುಕ್ಕು ಸಡಿಲಿಸುವ ಸ್ಪ್ರೇ, ಬ್ರೇಕ್ ಕ್ಲೀನರ್ ಸ್ಪ್ರೇ, ಬ್ರೇಕಿಗೆಂದೇ ಮಾಡಿದ ಸಿಲಿಕೋನ್ ಗ್ರೀಸ್, ಒರೆಸಲು ಬನಿಯನ್ ವೇಸ್ಟ್, ಕೈಗವಸು, ಮಾಸ್ಕ್. ಸಾಕೆಟ್ಟುಗಳಲ್ಲಿ 12, 14, 17, 19, 21 ಮಿ.ಮೀ. ಇದ್ದರೆ ಹೆಚ್ಚಿನ ಮಾರುತಿ, ಹ್ಯುಂಡೈ, ಹೋಂಡಾ ಕಾರುಗಳಿಗೆ ಸಾಕು. ಫೋಕ್ಸ್‌ವ್ಯಾಗನ್, ಸ್ಕೋಡಾಗಳಿಗೆ ಅಲೆನ್ ಕೀ ಮತ್ತು ನಕ್ಷತ್ರದ ತಲೆಯ ಟಾರ್ಕ್ಸ್ ಬಿಟ್ಟುಗಳೂ ಬೇಕು.

ಟಾರ್ಕ್ ರೆಂಚ್ ಎಂದರೆ ಗೊತ್ತುಪಡಿಸಿದ ಬಿಗಿತ ಮುಟ್ಟಿದಾಗ "ಟಿಕ್" ಎನ್ನುವ ಪಾನಾ. ಇದಿಲ್ಲದೆ ಕೆಲಸ ಶುರು ಮಾಡಬೇಡಿ, ಕೊಳ್ಳಲಾಗದಿದ್ದರೆ ಗೆಳೆಯರಿಂದ ಎರವಲು ತನ್ನಿ. ಬಿಗಿತದ ಅಂಕಿಗಳು ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿರುತ್ತವೆ. ಅಂದಾಜಿಗೆ ಹೇಳುವುದಾದರೆ ಸಣ್ಣ ಕಾರುಗಳಲ್ಲಿ ವೀಲ್ ನಟ್ 85ರಿಂದ 120 ನ್ಯೂಟನ್ ಮೀಟರ್, ಕ್ಯಾಲಿಪರ್ ಬ್ರಾಕೆಟ್ ಬೋಲ್ಟ್ 80ರಿಂದ 110, ಸ್ಲೈಡ್ ಪಿನ್ ಬೋಲ್ಟ್ 25ರಿಂದ 35 (ಬ್ರಾಕೆಟ್, ಸ್ಲೈಡ್ ಪಿನ್ ಎಂದರೇನೆಂದು ಮುಂದಿನ ಹಂತಗಳಲ್ಲಿ ಹೇಳಿದೆ). ನಿಮ್ಮ ಕಾರಿನ ಅಂಕಿಯನ್ನೇ ಬಳಸಿ.

ಜಾಗ

ಸಮತಟ್ಟಾದ, ಗಟ್ಟಿ ನೆಲ ಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮಾಡುವುದಾದರೆ ಅಸೋಸಿಯೇಷನ್ನಿಗೆ ಮೊದಲೇ ತಿಳಿಸಿ. ನೀರು ಹರಿಯಲೆಂದು ಕೊಟ್ಟ ಇಳಿಜಾರು ಕಣ್ಣಿಗೆ ಕಾಣುವುದಿಲ್ಲ, ಒಂದು ಗೋಲಿ ಬಿಟ್ಟು ನೋಡಿ. ಇಂಟರ್‌ಲಾಕ್ ಕಲ್ಲು ಹಾಸಿದ ಅಂಗಳದಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ, ಕೆಳಗೆ ದಪ್ಪ ಪ್ಲೈವುಡ್ ಕೊಡಿ. ಮನೆ ಮುಂದಿನ ರಸ್ತೆಯಲ್ಲಿ, ವಾಹನ ಓಡಾಡುವ ಬದಿಗೆ ಕೂತು ಮಾಡುವ ಕೆಲಸ ಇದಲ್ಲ. ಮಳೆ ಮೋಡ ಇದ್ದರೆ ಇನ್ನೊಂದು ದಿನ ನೋಡಿ.

ಕೆಲಸದ ಹಂತಗಳು

1. ಕಾರು ನಿಲ್ಲಿಸಿ, ನಟ್ ಸಡಿಲಿಸಿ. ಡಿಸ್ಕ್ ಪೂರ್ತಿ ತಣ್ಣಗಾಗಲಿ. ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿಗೆ (ಆಟೊಮ್ಯಾಟಿಕ್ ಆದರೆ ಪಾರ್ಕಿಗೆ) ಹಾಕಿ. ಹಿಂದಿನ ಎರಡೂ ಚಕ್ರಗಳಿಗೆ ಮುಂದೆ, ಹಿಂದೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ವೀಲ್ ನಟ್ಟುಗಳನ್ನು ಕಾಲು ಸುತ್ತು ಸಡಿಲಿಸಿ.

2. ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ. ಜಾಕ್ ಎಲ್ಲಿ ಕೊಡಬೇಕೆಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿದೆ. ಕಾರಿನ ಭಾರ ಹೊರುವುದು ಸ್ಟ್ಯಾಂಡ್, ಜಾಕ್ ಅಲ್ಲ. ಜಾಕ್ ಬರೀ ಎತ್ತುವ ಸಾಧನ, ಯಾವ ಕ್ಷಣದಲ್ಲಾದರೂ ಇಳಿಯಬಹುದು. ಹಾಲೋ ಬ್ಲಾಕ್, ಇಟ್ಟಿಗೆ ಕೊಟ್ಟು ಕಾರು ನಿಲ್ಲಿಸುವುದನ್ನು ನಮ್ಮೂರಿನಲ್ಲಿ ದಿನಾ ನೋಡುತ್ತೇವೆ. ಕಾಂಕ್ರೀಟ್ ಬ್ಲಾಕು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ, ದಯವಿಟ್ಟು ಆ ಕೆಲಸ ಮಾಡಬೇಡಿ. ಕಾರನ್ನು ಸ್ಟ್ಯಾಂಡಿನ ಮೇಲೆ ಇಳಿಸಿ, ಕೈಯಲ್ಲಿ ಅಲ್ಲಾಡಿಸಿ ನೋಡಿ. ಬಿಚ್ಚಿದ ಚಕ್ರವನ್ನು ಮಲಗಿಸಿ ಸಿಲ್ಲಿನ (ಬಾಗಿಲ ಕೆಳಗಿನ ಅಂಚಿನ) ಅಡಿಗೆ ತಳ್ಳಿಡಿ. ಅಕಸ್ಮಾತ್ ಸ್ಟ್ಯಾಂಡ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ.

   ಒಂದು ಕಡೆ ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದು ಕಡೆ ಬಿಚ್ಚಿ. ಯಾವುದು ಹೇಗಿತ್ತೆಂದು ಮರೆತರೆ ನೋಡಲು ಒಂದು ಮಾದರಿ ಉಳಿದಿರುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾ ಹೋಗಿ.

3. ಕ್ಯಾಲಿಪರ್ ಬಿಚ್ಚಿ. ಕ್ಯಾಲಿಪರಿನ ಹಿಂಭಾಗ ಹೊರಗೆ ಕಾಣುವಂತೆ ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ. ಹಿಂದೆ ಎರಡು ಚಿಕ್ಕ ಬೋಲ್ಟುಗಳಿರುತ್ತವೆ, ಅವು ಸ್ಲೈಡ್ ಪಿನ್ನಿನವು. ಸ್ಲೈಡ್ ಪಿನ್ ಎಂದರೆ ಕ್ಯಾಲಿಪರ್ ಎಡಬಲಕ್ಕೆ ಜಾರಾಡುವ ಸಲಾಕೆ. ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ: ಬೋಲ್ಟಿನ ತಲೆ ಕಾರಿನ ಒಳಭಾಗಕ್ಕೆ ಮುಖ ಮಾಡಿರುತ್ತದೆ. ನೀವು ಹೊರಗೆ ಕೂತು ನೋಡುವುದರಿಂದ ದಿಕ್ಕು ತಿರುಗುಮುರುಗಾಗಿ ಕಾಣುತ್ತದೆ, ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿಯುತ್ತಾ ಹೋಗುತ್ತೀರಿ. ತಲೆಯ ಕಡೆಯಿಂದ ನೋಡಿದಂತೆ ಅಪ್ರದಕ್ಷಿಣವಾಗಿ ತಿರುಗಿಸಬೇಕು.

   ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಹೋಸಿನ ಮೇಲೆ ಜೋತು ಬಿಡಲೇಬಾರದು. ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ. ಹೋಸಿನ ಹೊರಗೆ ಏನೂ ಕಾಣದೆ ಒಳಪದರ ಹರಿದಿರಬಹುದು. ಕ್ಯಾಲಿಪರ್ ಬಿಚ್ಚಿಟ್ಟಿರುವಾಗ ಯಾರೂ ಬ್ರೇಕ್ ಪೆಡಲ್ ಮುಟ್ಟದಂತೆ ಕಾರಿನ ಬಾಗಿಲು ಲಾಕ್ ಮಾಡಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಬೇಡಿ, ಒಮ್ಮೆ ಒತ್ತಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ.

4. ಬ್ರಾಕೆಟ್ ಬಿಚ್ಚಿ. ಹಳೆಯ ಪ್ಯಾಡ್ ತೆಗೆದ ಮೇಲೆ ಉಳಿಯುವ ಎರಕದ ಚೌಕಟ್ಟೇ ಬ್ರಾಕೆಟ್. ಅದರ ಎರಡು ದೊಡ್ಡ ಬೋಲ್ಟುಗಳು ಬಹಳ ಬಿಗಿ. ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟು ಬ್ರೇಕರ್ ಬಾರ್ ಹಾಕಿ. ಆರು ಮೂಲೆಯ ಸಾಕೆಟ್ಟನ್ನೇ ಬಳಸಿ, ಹನ್ನೆರಡು ಮೂಲೆಯದು ತಲೆಯನ್ನು ಸವೆಸಿಬಿಡುತ್ತದೆ. ಬಾರನ್ನು ಜಗ್ಗುವಾಗ ಕಾರಿನ ಮೇಲೂ ಕಣ್ಣಿರಲಿ.

   ಧೂಳನ್ನು ಬಾಯಿಂದ ಊದಬೇಡಿ, ಗಾಳಿ ಹೊಡೆಯಬೇಡಿ. ಹಳೆಯ ಅಥವಾ ಕಳಪೆ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಬ್ರೇಕ್ ಕ್ಲೀನರಿನಿಂದ ತೋಯಿಸಿ ಒರೆಸಿ, ಮಾಸ್ಕ್ ಹಾಕಿರಲಿ.

5. ಹಳೆಯ ಡಿಸ್ಕ್ ಎಬ್ಬಿಸಿ. ಕೆಲವು ಕಾರುಗಳಲ್ಲಿ ಡಿಸ್ಕನ್ನು ಒಂದೆರಡು ಚಿಕ್ಕ ಸ್ಕ್ರೂ ಹಿಡಿದಿರುತ್ತವೆ. ತುಕ್ಕು ಹಿಡಿದ ಸ್ಕ್ರೂಗೆ ಸಾದಾ ಸ್ಕ್ರೂಡ್ರೈವರ್ ಹಾಕಿ ತಿರುಚಿದರೆ ತಲೆ ಹೋಗುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬಳಸಿ. ಸ್ಕ್ರೂ ತೆಗೆದರೂ ಡಿಸ್ಕ್ ಬರದಿದ್ದರೆ ಅದರ ಮುಖದ ಮೇಲೆ ಥ್ರೆಡ್ ಇರುವ ಎರಡು ತೂತುಗಳಿವೆಯೇ ನೋಡಿ. ಅವಕ್ಕೆ ಹೆಚ್ಚಾಗಿ 8 ಮಿ.ಮೀ. ಬೋಲ್ಟ್ ಕೂರುತ್ತದೆ. ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದರೆ ಡಿಸ್ಕ್ ತಾನಾಗಿ ಎದ್ದು ಬರುತ್ತದೆ. ತೂತಿಲ್ಲದಿದ್ದರೆ ರಬ್ಬರ್ ಸುತ್ತಿಗೆಯಿಂದ ಸುತ್ತ ತಟ್ಟಿ. ಹಬ್ಬಿನ ಬೇರಿಂಗ್ ಪಕ್ಕದಲ್ಲೇ ಇದೆ, ಕಬ್ಬಿಣದ ಸುತ್ತಿಗೆಯಿಂದ ಬಡಿಯಬೇಡಿ.

6. ಹಬ್ ಉಜ್ಜಿ. ಇಡೀ ಕೆಲಸದ ಜೀವ ಇಲ್ಲಿದೆ. ಹಬ್ ಎಂದರೆ ಡಿಸ್ಕ್ ಕೂರುವ ಚಪ್ಪಟೆ ಮುಖ. ಅದರ ಮೇಲೆ ಕೂದಲೆಳೆಯಷ್ಟು ತುಕ್ಕು ಉಳಿದರೂ ಡಿಸ್ಕ್ ಓರೆಯಾಗಿ ಕೂರುತ್ತದೆ. ಒಳಗಿನ ಸಣ್ಣ ಓರೆ ಡಿಸ್ಕಿನ ಹೊರ ಅಂಚಿಗೆ ಬರುವಷ್ಟರಲ್ಲಿ ಇನ್ನಷ್ಟು ಬೆಳೆದಿರುತ್ತದೆ. ಬಹಳಷ್ಟು ಕಾರುಗಳಲ್ಲಿ ಡಿಸ್ಕಿನ ಓಲಾಟ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಾಟಬಾರದು, ಕೆಲವದರಲ್ಲಿ ಅದರ ಅರ್ಧವೇ ಮಿತಿ. ಓರೆ ಕೂತ ಡಿಸ್ಕ್ ಮೊದಲ ದಿನ ನಡುಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಒಂದೇ ಜಾಗ ಪ್ಯಾಡಿಗೆ ಸವರಿಕೊಂಡು, ಅಲ್ಲಿ ಸವೆದು, ಕೆಲವು ತಿಂಗಳ ಮೇಲೆ ನಡುಕ ಕಾಣಿಸುತ್ತದೆ. ಆಗ ಜನ ಡಿಸ್ಕ್ ಕಂಪನಿಯನ್ನು ಬೈಯುತ್ತಾರೆ.

   ತಂತಿ ಬ್ರಷ್, ಎಮರಿ ಪೇಪರ್ ಹಿಡಿದು ಲೋಹ ಹೊಳೆಯುವವರೆಗೆ ಉಜ್ಜಿ. ಸ್ಟಡ್ಡುಗಳ (ವೀಲ್ ನಟ್ ಹತ್ತುವ ಥ್ರೆಡ್ ಕಡ್ಡಿಗಳ) ಬುಡ ಮತ್ತು ನಡುವಿನ ಉಬ್ಬಿನ ಸುತ್ತ ತುಕ್ಕು ಅಡಗಿರುತ್ತದೆ, ಎಮರಿಯನ್ನು ಮಡಿಸಿ ಅಲ್ಲಿಗೂ ತಲುಪಿಸಿ. ಹತ್ತಿರದಲ್ಲೇ ಇರುವ ಎಬಿಎಸ್ ಸೆನ್ಸರ್ ಮತ್ತು ಅದರ ವೈರಿಗೆ ಬ್ರಷ್ ತಾಗದಿರಲಿ. ಕೊನೆಗೆ ಬೆರಳಾಡಿಸಿ ನೋಡಿ, ಎಲ್ಲೂ ತೊಡಕಬಾರದು. ಉಜ್ಜಿದ ಮುಖಕ್ಕೆ ದಪ್ಪಗೆ ಗ್ರೀಸ್ ಬಳಿಯಬೇಡಿ.

7. ಹೊಸ ಡಿಸ್ಕ್ ಕೂರಿಸಿ. ಮೊದಲು ಹಳೆಯದರ ಪಕ್ಕದಲ್ಲಿಟ್ಟು ಅಗಲ, ಎತ್ತರ, ತೂತುಗಳನ್ನು ಹೋಲಿಸಿ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ, ಎರಡೂ ಮುಖಗಳನ್ನು ಬ್ರೇಕ್ ಕ್ಲೀನರಿನಿಂದ ತೊಳೆದು ಶುಭ್ರ ಬಟ್ಟೆಯಲ್ಲಿ ಒರೆಸಿ. ಸೀಮೆಎಣ್ಣೆ, ಡೀಸೆಲ್ ಬೇಡ, ಅವು ಜಿಡ್ಡು ಬಿಡುತ್ತವೆ. ಕೂರಿಸಿದ ಮೇಲೆ ಎರಡು ವೀಲ್ ನಟ್ ವಾಷರ್ ಸಮೇತ ಹಾಕಿ ಹಿಡಿಸಿ, ಕೈಯಲ್ಲಿ ತಿರುಗಿಸಿ ಓಲಾಡುತ್ತಿದೆಯೇ ನೋಡಿ. ಓಲಾಡಿದರೆ ತೆಗೆದು ಮತ್ತೆ ಹಬ್ ಉಜ್ಜಿ.

8. ಬ್ರಾಕೆಟ್, ಪಿನ್, ಪ್ಯಾಡ್. ಬ್ರಾಕೆಟನ್ನು ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಕೆಲವು ಕಂಪನಿಗಳು ಈ ಬೋಲ್ಟುಗಳನ್ನು ಹೊಸದಾಗಿಯೇ ಹಾಕಲು ಹೇಳುತ್ತವೆ, ಹಾಗಿದ್ದರೆ ಹೊಸದನ್ನೇ ಹಾಕಿ. ಸ್ಲೈಡ್ ಪಿನ್ನುಗಳನ್ನು ಎಳೆದು, ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ ಹಾಕಿ. ಮನೆಯಲ್ಲಿರುವ ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಕಚ್ಚಿಕೊಳ್ಳುತ್ತದೆ. ಮೇಲಿನ ಪಿನ್, ಕೆಳಗಿನ ಪಿನ್ ಬೇರೆ ಬೇರೆ ಇರಬಹುದು, ಅದಲುಬದಲು ಮಾಡಬೇಡಿ. ಪ್ಯಾಡ್ ಸವೆದಾಗ ಕಿರ್ ಎಂದು ಸದ್ದು ಮಾಡುವ ತಗಡಿನ ನಾಲಿಗೆ ಹಳೆಯ ಪ್ಯಾಡಿನಲ್ಲಿ ಯಾವ ಕಡೆ ಇತ್ತೋ ಹೊಸದರಲ್ಲೂ ಅದೇ ಕಡೆ ಬರಲಿ. ಪ್ಯಾಡಿನ ಉಜ್ಜುವ ಮುಖವನ್ನು ಗ್ರೀಸ್ ಹತ್ತಿದ ಕೈಯಲ್ಲಿ ಮುಟ್ಟಬೇಡಿ.

9. ಪಿಸ್ಟನ್ ಒಳಕ್ಕೆ ತಳ್ಳಿ. ಹೊಸ ಪ್ಯಾಡ್ ದಪ್ಪ ಇರುವುದರಿಂದ ಪಿಸ್ಟನ್ ಹಿಂದೆ ಹೋಗಬೇಕು. ಬಾನೆಟ್ ತೆರೆದು ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳ ಸಡಿಲಿಸಿ, ಸುತ್ತ ಬಟ್ಟೆ ಸುತ್ತಿ. ಹಳೆಯ ಪ್ಯಾಡನ್ನು ಪಿಸ್ಟನ್ನಿಗೆ ಅಡ್ಡ ಕೊಟ್ಟು ಸಿ-ಕ್ಲಾಂಪನ್ನು ನಿಧಾನವಾಗಿ ಬಿಗಿಯಿರಿ. ಡಬ್ಬಿಯಲ್ಲಿ ಎಣ್ಣೆ ಏರುತ್ತದೆ, ಉಕ್ಕುವಂತಿದ್ದರೆ ಸಿರಿಂಜಿನಲ್ಲಿ ತೆಗೆಯಿರಿ. ಬ್ರೇಕ್ ಎಣ್ಣೆ ಕಾರಿನ ಪೇಂಟನ್ನು ತಿನ್ನುತ್ತದೆ, ಬಿದ್ದರೆ ಕೂಡಲೇ ನೀರು ಹಾಕಿ. ಪಿಸ್ಟನ್ ಸರಿಯದೆ ಹಟ ಹಿಡಿದರೆ, ಅದರ ರಬ್ಬರ್ ಕವಚ ಹರಿದಿದ್ದರೆ ಕ್ಯಾಲಿಪರಿಗೇ ಕೆಲಸ ಬಂದಿದೆ ಎಂದರ್ಥ. ಸರಿದರೆ ಕ್ಯಾಲಿಪರನ್ನು ಪ್ಯಾಡುಗಳ ಮೇಲೆ ಕೂರಿಸಿ, ಹೋಸ್ ತಿರುಚಿಕೊಂಡಿಲ್ಲವೆಂದು ನೋಡಿ, ಪಿನ್ ಬೋಲ್ಟ್ ಬಿಗಿಯಿರಿ.

10. ಚಕ್ರ ಹಾಕಿ. ಚಕ್ರದ ಒಳಮುಖದ ತುಕ್ಕನ್ನೂ ಉಜ್ಜಿ. ಡಿಸ್ಕ್ ಹಿಡಿಸಲು ಹಾಕಿದ್ದ ವಾಷರುಗಳನ್ನು ತೆಗೆದು, ನಟ್ಟುಗಳನ್ನು ಕೈಯಲ್ಲೇ ಹತ್ತಿಸಿ. ಕಾರು ಇಳಿಸಿದ ಮೇಲೆ ಒಂದರ ಪಕ್ಕದ್ದಲ್ಲ, ಎದುರಿನದನ್ನು ಬಿಗಿಯುತ್ತಾ ಎರಡು ಸುತ್ತಿನಲ್ಲಿ ಪೂರ್ತಿ ಬಿಗಿತಕ್ಕೆ ತನ್ನಿ. ಥ್ರೆಡ್ಡಿಗೆ ಎಣ್ಣೆ ಬೇಡ. ಒಂದು ನಟ್ ಅತಿ ಬಿಗಿ, ಇನ್ನೊಂದು ಸಡಿಲವಾದರೆ ನೀವು ಉಜ್ಜಿದ್ದೆಲ್ಲ ವ್ಯರ್ಥ. ಮುಂದೆ ಪಂಕ್ಚರ್ ಅಂಗಡಿಯಲ್ಲಿ ಗನ್ ಹಿಡಿದು ಬಿಗಿದರೆ ಮನೆಗೆ ಬಂದು ಸಡಿಲಿಸಿ ಮತ್ತೆ ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ.

11. ಎರಡೂ ಕಡೆ ಮುಗಿದ ಮೇಲೆ, ಎಂಜಿನ್ ಶುರು ಮಾಡುವ ಮೊದಲು ಪೆಡಲ್ ಒತ್ತಿ. ಮೊದಲ ಸಲ ಪೆಡಲ್ ನೆಲಕ್ಕೆ ಹೋಗುತ್ತದೆ, ಏಕೆಂದರೆ ಪಿಸ್ಟನ್ನುಗಳು ಪ್ಯಾಡಿನಿಂದ ದೂರವಿವೆ. ಗಟ್ಟಿಯಾಗುವವರೆಗೆ ನಿಧಾನವಾಗಿ ಒತ್ತಿ ಬಿಡಿ. ಇದನ್ನು ಮರೆತು ಗೇರ್ ಹಾಕಿದವರ ಕಾರು ಗೇಟಿಗೋ ಗೋಡೆಗೋ ಹೋಗಿ ನಿಲ್ಲುತ್ತದೆ. ಡಬ್ಬಿಯಲ್ಲಿ ಎಣ್ಣೆ ಎರಡು ಗೆರೆಗಳ ನಡುವೆ ಇರಲಿ. ಮುಚ್ಚಳದ ಮೇಲೆ ಬರೆದಿರುವ ದರ್ಜೆಯನ್ನೇ (ಡಾಟ್ 3 ಅಥವಾ ಡಾಟ್ 4), ಸೀಲ್ ಒಡೆಯದ ಡಬ್ಬಿಯಿಂದ ಹಾಕಿ. ತೆರೆದಿಟ್ಟ ಎಣ್ಣೆ ಗಾಳಿಯ ತೇವ ಹೀರಿಕೊಂಡಿರುತ್ತದೆ. ಎಂಜಿನ್ ಶುರುವಾದಾಗ ಪೆಡಲ್ ತುಸು ಇಳಿಯುವುದು ಸಹಜ. ಸ್ಪಂಜಿನಂತೆ ಮೆತ್ತಗೆ ಇದ್ದರೆ ಮಾತ್ರ ಕಾರು ಹೊರಗೆ ತೆಗೆಯಬೇಡಿ, ಲೈನಿನಲ್ಲಿ ಗಾಳಿ ಸೇರಿರಬಹುದು. ಮೆಕ್ಯಾನಿಕ್‌ರನ್ನು ಮನೆಗೇ ಕರೆಸಿ.

ಹೊಸ ಬ್ರೇಕನ್ನು ಪಳಗಿಸುವುದು

ಇದಕ್ಕೆ ಬೆಡ್ಡಿಂಗ್ ಎನ್ನುತ್ತಾರೆ. ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಎಲ್ಲ ಕಡೆ ಒಂದೇ ಸಮನಾಗಿ ತೆಳ್ಳಗೆ ಹತ್ತುವಂತೆ ಮಾಡುವುದೇ ಇದರ ಉದ್ದೇಶ. ಪ್ಯಾಡಿನ ಪೆಟ್ಟಿಗೆಯಲ್ಲಿ ಕಂಪನಿಯ ಸೂಚನೆ ಇದ್ದರೆ ಅದನ್ನೇ ಅನುಸರಿಸಿ. ಇಲ್ಲದಿದ್ದರೆ ಮೊದಲು ಕಾಂಪೌಂಡಿನೊಳಗೆ ನಡಿಗೆಯ ವೇಗದಲ್ಲಿ ಬ್ರೇಕ್ ಹಿಡಿದು ನೋಡಿ, ಆಮೇಲೆ ಮುಂಜಾನೆ ಖಾಲಿ ರಸ್ತೆಗೆ ಹೋಗಿ. ಇನ್ನೂ ಮನೆಗಳೇಳದ ಬಿಡಿಎ ಬಡಾವಣೆಗಳ ಅಗಲ ರಸ್ತೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ವಾಹನಗಳು ವೇಗವಾಗಿ ಓಡುವ ನೈಸ್ ಟೋಲ್ ರಸ್ತೆಯಲ್ಲಿ ಬೇಡ, ಹಿಂದೆ ಬರುವ ಲಾರಿಗೆ ನೀವೇಕೆ ನಿಧಾನಿಸುತ್ತಿದ್ದೀರಿ ಎಂದು ಗೊತ್ತಾಗುವುದಿಲ್ಲ.

ಗಂಟೆಗೆ 50 ಕಿ.ಮೀ. ವೇಗದಿಂದ 15ಕ್ಕೆ, ಗಟ್ಟಿಯಾಗಿ ಆದರೆ ಚಕ್ರ ಲಾಕ್ ಆಗದಂತೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಅರ್ಧ ನಿಮಿಷ ಹಾಗೇ ಓಡಿಸಿ ಮತ್ತೆ ಮಾಡಿ. ಎಂಟು ಹತ್ತು ಸಲ ಆಗಲಿ. ಸುಟ್ಟ ವಾಸನೆ ತುಸು ಬಂದರೆ ಹೆದರಬೇಡಿ. ಕೊನೆಗೆ ಹತ್ತು ನಿಮಿಷ ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ ತಣಿಸಿ. ಕಾದ ಡಿಸ್ಕನ್ನು ಅಮುಕಿ ಹಿಡಿದು ನಿಂತರೆ ಅಚ್ಚು ಬೀಳುವ ಆ ಹಳೆಯ ಕಥೆ ಮತ್ತೆ ಶುರುವಾಗುತ್ತದೆ. ಮನೆಗೆ ಬಂದ ತಕ್ಷಣ ಚಕ್ರಕ್ಕೆ ತಣ್ಣೀರು ಹೊಡೆಯಬೇಡಿ. ಬೆಳಿಗ್ಗೆ ಕಾರು ತೊಳೆಯುವವರಿಗೂ ಇದನ್ನು ಹೇಳಿಡಿ.

ಮೊದಲ 200 ಕಿ.ಮೀ. ಮುಂದಿನ ವಾಹನದಿಂದ ಹೆಚ್ಚು ಅಂತರ ಇಟ್ಟುಕೊಳ್ಳಿ. 50ರಿಂದ 100 ಕಿ.ಮೀ. ಓಡಿದ ಮೇಲೆ, ಚಕ್ರ ತಣ್ಣಗಿರುವಾಗ ವೀಲ್ ನಟ್ಟುಗಳ ಬಿಗಿತ ಮತ್ತೊಮ್ಮೆ ನೋಡಿ, ಎಣ್ಣೆ ಡಬ್ಬಿಯ ಮಟ್ಟವನ್ನೂ ನೋಡಿ. ಹಳೆಯ ಡಿಸ್ಕುಗಳು ಶುದ್ಧ ಎರಕದ ಕಬ್ಬಿಣ, ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ಧೂಳು ಮೆತ್ತಿದ ಬನಿಯನ್ ವೇಸ್ಟನ್ನು ಒಂದು ಕವರಿಗೆ ಕಟ್ಟಿ, ಒಣ ಕಸದ ಜೊತೆ ಬೆರೆಸದೆ, ಪೌರಕಾರ್ಮಿಕರಿಗೆ ಏನೆಂದು ಹೇಳಿ ಬೇರೆಯಾಗಿ ಕೊಡಿ.